ಹಳೆಯ ಬೈಕ್ ಮನೆಗೆ ಬಂದಾಗ

ಅಂಗಳದಲ್ಲಿ ಬೈಕ್ ನಿಂತಿದೆ. ಹೊಸದಲ್ಲ, ಯಾರೋ ಏಳೆಂಟು ವರ್ಷ ಓಡಿಸಿ ಮಾರಿದ್ದು. ಯಜಮಾನರು ಅದನ್ನು ಒರೆಸಿ ಹೊಳೆಯುವಂತೆ ಮಾಡಿದ್ದಾರೆ. ಮಕ್ಕಳು ಸೀಟಿನ ಮೇಲೆ ಹತ್ತಿ ಕುಳಿತು ಹಾರ್ನ್ ಒತ್ತುತ್ತಿದ್ದಾರೆ. ಇನ್ನು ಬಸ್ಸಿಗಾಗಿ ಕಾಯಬೇಕಿಲ್ಲ, ಆಸ್ಪತ್ರೆಗೆ ಹೋಗಲು ರಿಕ್ಷಾ ಹುಡುಕಬೇಕಿಲ್ಲ, ತವರಿಗೆ ಹೋಗಿ ಸಂಜೆಯೊಳಗೆ ಮರಳಬಹುದು ಎಂದು ನೀವೂ ಒಳಗೊಳಗೇ ಲೆಕ್ಕ ಹಾಕುತ್ತಿದ್ದೀರಿ. ಕೂಡಿಟ್ಟ ಹಣ, ಸ್ವಲ್ಪ ಸಾಲ, ಬಹುಶಃ ನಿಮ್ಮ ಒಂದು ಬಳೆಯೂ ಅದರಲ್ಲಿ ಸೇರಿದೆ.

ಆ ಸಂತೋಷದ ನಡುವೆಯೇ ಒಂದು ಪ್ರಶ್ನೆ ಕೇಳಿ ನೋಡಿ. ಈ ಬೈಕಿನ ಇಂಜಿನ್ ಆಯಿಲ್ ಕೊನೆಯ ಸಲ ಬದಲಾಯಿಸಿದ್ದು ಯಾವಾಗ? ಬ್ರೇಕ್ ಶೂ ಹಾಕಿ ಎಷ್ಟು ದಿನವಾಯಿತು? ಹಿಂದಿನ ಟಯರು ಯಾವ ವರ್ಷದ್ದು? ಬಹುತೇಕ ಮನೆಗಳಲ್ಲಿ ಇದಕ್ಕೆ ಸಿಗುವ ಉತ್ತರ ಒಂದೇ: “ಮಾರಿದವರು ಎಲ್ಲಾ ಸರಿ ಇದೆ ಅಂದಿದ್ದಾರೆ.”

“ಇದೆಲ್ಲ ಗಂಡಸರ ವಿಷಯ, ನಮಗೇಕೆ?” ಎಂದು ಪುಟ ತಿರುವಬೇಡಿ, ಸಹೋದರಿಯರೇ. ಆ ಬೈಕಿನ ಹಿಂದಿನ ಸೀಟಿನಲ್ಲಿ ಮಗುವನ್ನು ಮಡಿಲಲ್ಲಿಟ್ಟು ಕುಳಿತುಕೊಳ್ಳುವವರು ಯಾರು? ನೀವೇ. ಮುಂದೆ ಕುಳಿತವರ ಕೈಯಲ್ಲಿ ಹ್ಯಾಂಡಲ್ ಇರುತ್ತದೆ, ಕಾಲಡಿಯಲ್ಲಿ ಬ್ರೇಕ್ ಇರುತ್ತದೆ. ಹಿಂದೆ ಕುಳಿತವರ ಬಳಿ ಎರಡೂ ಇರುವುದಿಲ್ಲ. ಚೈನ್ ಕಳಚಿದರೆ, ಟಯರ್ ಒಡೆದರೆ, ಬಟ್ಟೆ ಚಕ್ರಕ್ಕೆ ಸಿಕ್ಕಿದರೆ ಮೊದಲು ಬೀಳುವವರು ಅವರೇ. ಆದ್ದರಿಂದ ಬೈಕನ್ನು ನೀವು ಓಡಿಸಿದರೂ, ಓಡಿಸದಿದ್ದರೂ ಅದರ ಆರೈಕೆಯ ನಾಲ್ಕು ಮಾತು ತಿಳಿದಿರುವುದು ಒಳ್ಳೆಯದು.

ಹಳೆಯ ಲೆಕ್ಕ ಬಿಡಿ, ಹೊಸ ಲೆಕ್ಕ ಬರೆಯಿರಿ

1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂದ ಮೇಲೆ ನಾಲ್ಕು ಸ್ಟ್ರೋಕಿನ 100 ಸಿಸಿ ಬೈಕುಗಳು ನಮ್ಮ ಊರುಗಳಲ್ಲಿ ಬೇರೂರಿದವು. 1994ರಲ್ಲಿ ಸ್ಪ್ಲೆಂಡರ್ ಬಂತು. ಇಂದು ಸೆಕೆಂಡ್ ಹ್ಯಾಂಡ್ ಆಗಿ ಮನೆ ಸೇರುವ ಬೈಕುಗಳಲ್ಲಿ ಸ್ಪ್ಲೆಂಡರ್, ಪ್ಲಾಟಿನಾ, ಸ್ಟಾರ್ ಸಿಟಿಯಂಥವೇ ಹೆಚ್ಚು. ಇವು ಗಟ್ಟಿಮುಟ್ಟಾದ ಬೈಕುಗಳು. ಬಿಡಿಭಾಗ ಎಲ್ಲ ಕಡೆ ಸಿಗುತ್ತದೆ, ರಿಪೇರಿ ಬಲ್ಲವರು ಹಳ್ಳಿಯಲ್ಲೂ ಇದ್ದಾರೆ. ಆದರೆ ಈ ಗಟ್ಟಿತನವೇ ಒಂದು ರೀತಿಯಲ್ಲಿ ಅಪಾಯ. ಆರೈಕೆ ಮಾಡದಿದ್ದರೂ ಓಡುತ್ತಲೇ ಇರುತ್ತದೆ ಎಂಬ ಧೈರ್ಯದಲ್ಲಿ ಜನ ಅದನ್ನು ಮರೆತುಬಿಡುತ್ತಾರೆ.

ಆದ್ದರಿಂದ ಹಿಂದಿನವರ ಮಾತನ್ನು ನಂಬಬೇಕೋ ಬೇಡವೋ ಎಂಬ ಚರ್ಚೆ ಬೇಡ. ಬೈಕ್ ಬಂದ ಮೊದಲ ವಾರವೇ ಆಯಿಲ್, ಏರ್ ಫಿಲ್ಟರ್, ಪ್ಲಗ್, ಚೈನ್, ಬ್ರೇಕ್, ಟಯರು, ಕೇಬಲ್, ಬ್ಯಾಟರಿ ಎಲ್ಲವನ್ನೂ ಒಮ್ಮೆ ಬಿಚ್ಚಿಸಿ ನೋಡಿಸಿ. ಬೈಕಿನ ಬೆಲೆ ಮಾತಾಡುವಾಗಲೇ ಈ ಖರ್ಚಿಗೆಂದು ಸ್ವಲ್ಪ ಹಣ ಬೇರೆ ಎತ್ತಿಡಬೇಕು. ನಂತರ ಹಾಲಿನ ಲೆಕ್ಕ ಬರೆಯುವಂಥ ಒಂದು ಚಿಕ್ಕ ಪುಸ್ತಕ ತೆಗೆದುಕೊಳ್ಳಿ. ದಿನಾಂಕ, ಮೀಟರಿನಲ್ಲಿರುವ ಕಿಲೋಮೀಟರ್, ಏನು ಬದಲಾಯಿಸಿದರು, ಎಷ್ಟಾಯಿತು ಎಂದು ನಾಲ್ಕು ಅಂಕಣ ಹಾಕಿ. ಮನೆಯ ಲೆಕ್ಕ ಇಡುವುದು ನಿಮಗೆ ಹೊಸದೇನಲ್ಲ. ಬೈಕಿನ ಲೆಕ್ಕವೂ ನಿಮ್ಮ ಕೈಯಲ್ಲೇ ಇರಲಿ.

ಆಯಿಲ್ ಕಪ್ಪಾದರೆ

ಈ ಬೈಕುಗಳಲ್ಲಿ ಇಂಜಿನ್, ಗೇರ್, ಕ್ಲಚ್ ಮೂರಕ್ಕೂ ಒಂದೇ ಆಯಿಲ್. ಅದೂ ಒಂದು ಲೀಟರಿನ ಆಸುಪಾಸಿನಷ್ಟು ಮಾತ್ರ. ಇಷ್ಟು ಕಡಿಮೆ ಆಯಿಲ್ ಇಷ್ಟೊಂದು ಕೆಲಸ ಮಾಡುವುದರಿಂದ ಅದು ಬೇಗ ಕಪ್ಪಾಗುತ್ತದೆ, ತೆಳುವಾಗುತ್ತದೆ, ಸ್ವಲ್ಪ ಸ್ವಲ್ಪವಾಗಿ ಉರಿದು ಕಡಿಮೆಯೂ ಆಗುತ್ತದೆ. ಹಳೆಯ ಇಂಜಿನ್ನುಗಳಲ್ಲಿ ಇದು ಇನ್ನೂ ಹೆಚ್ಚು.

ನೋಡುವ ವಿಧಾನ ಸುಲಭ. ಬೈಕನ್ನು ಸಮತಟ್ಟಾದ ಜಾಗದಲ್ಲಿ ನಡುವಿನ ಸ್ಟ್ಯಾಂಡ್ ಹಾಕಿ ನಿಲ್ಲಿಸಿ. ಎರಡು ಮೂರು ನಿಮಿಷ ಇಂಜಿನ್ ಓಡಿಸಿ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಡಿ. ಆಯಿಲ್ ಹಾಕುವ ಮುಚ್ಚಳದಲ್ಲೇ ಒಂದು ಕಡ್ಡಿ ಇರುತ್ತದೆ. ಅದನ್ನು ಬಿಚ್ಚಿ ಬಟ್ಟೆಯಲ್ಲಿ ಒರೆಸಿ, ತಿರುಗಿಸದೆ ಹಾಗೆಯೇ ಒಳಗಿಟ್ಟು ತೆಗೆಯಿರಿ. ಆಯಿಲ್ ಎರಡು ಗುರುತುಗಳ ನಡುವೆ ಇರಬೇಕು. ಕೆಲವು ಬೈಕುಗಳಲ್ಲಿ ಕಡ್ಡಿಯ ಬದಲು ಇಂಜಿನ್ನಿನ ಬದಿಯಲ್ಲಿ ಪುಟ್ಟ ಗಾಜಿನ ಕಿಟಕಿ ಇರುತ್ತದೆ. ಆಯಿಲ್ ಹಾಲು ಬೆರೆತ ಚಹಾದಂತೆ ಕಂಡರೆ ಒಳಗೆ ನೀರು ಸೇರಿದೆ ಎಂದು ಅರ್ಥ. ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತಿದ್ದರೆ ಆಯಿಲ್ ಉರಿಯುತ್ತಿದೆ ಎಂದು ಅರ್ಥ. ಎರಡೂ ಮೆಕ್ಯಾನಿಕ್‌ಗೆ ತೋರಿಸಬೇಕಾದ ಸಂಗತಿಗಳು.

ಆಯಿಲ್ ಕೊಳ್ಳುವಾಗ ಬೈಕಿಗೆಂದೇ ತಯಾರಾದದ್ದನ್ನು ಕೊಳ್ಳಿ. ಡಬ್ಬದ ಮೇಲೆ ‘ಜಾಸೋ ಎಂಎ’ ಎಂದು ಬರೆದಿರುತ್ತದೆ. ಕಾರಿನ ಆಯಿಲ್ ಅಗ್ಗಕ್ಕೆ ಸಿಕ್ಕಿತೆಂದು ಹಾಕಿಸಿದರೆ ಆಯಿಲಿನಲ್ಲೇ ಮುಳುಗಿರುವ ಕ್ಲಚ್ ಪ್ಲೇಟುಗಳು ಜಾರತೊಡಗಬಹುದು. ಎಷ್ಟು ಕಿಲೋಮೀಟರಿಗೆ ಬದಲಾಯಿಸಬೇಕೆಂದು ಬೈಕಿನ ಕೈಪಿಡಿಯಲ್ಲಿದೆ. ಹಳೆಯ ಬೈಕಿಗೆ ಎರಡೂವರೆಯಿಂದ ಮೂರು ಸಾವಿರ ಕಿಲೋಮೀಟರಿಗೊಮ್ಮೆ ಬದಲಾಯಿಸುವುದು ಅನೇಕ ಮೆಕ್ಯಾನಿಕರ ರೂಢಿ. ಬದಲಾಯಿಸುವಾಗ ಇಂಜಿನ್ ಬೆಚ್ಚಗಿದ್ದರೆ ಹಳೆಯ ಆಯಿಲ್ ಕೊಳೆಯ ಸಮೇತ ಪೂರ್ತಿ ಇಳಿಯುತ್ತದೆ.

ಚೈನ್, ಚಕ್ರ ಮತ್ತು ಬುರ್ಖಾದ ಅಂಚು

ನಮ್ಮ ಮನೆಗಳಲ್ಲಿ ಅತ್ಯಂತ ಹೆಚ್ಚು ಗಮನ ಕೊಡಬೇಕಾದ ಭಾಗ ಇದು. ಹಿಂದೆ ಕುಳಿತವರ ಬುರ್ಖಾ, ಸೀರೆಯ ಸೆರಗು, ದುಪಟ್ಟಾ ಗಾಳಿಗೆ ಹಾರಿ ಚಕ್ರದ ಕಡ್ಡಿಗಳಿಗೆ ಸಿಕ್ಕಿದರೆ ಕ್ಷಣಾರ್ಧದಲ್ಲಿ ಸುತ್ತಿಕೊಳ್ಳುತ್ತದೆ. ಬಟ್ಟೆಯ ಜೊತೆ ಮನುಷ್ಯರನ್ನೂ ಎಳೆಯುತ್ತದೆ. ಕುತ್ತಿಗೆಗೆ ಸುತ್ತಿದ ದುಪಟ್ಟಾ ಆದರೆ ಪ್ರಾಣಕ್ಕೇ ಅಪಾಯ.

ಇದನ್ನು ತಡೆಯಲೆಂದೇ ಬೈಕಿನ ಎಡಬದಿಯಲ್ಲಿ ಸಾರಿ ಗಾರ್ಡ್ ಇರುತ್ತದೆ. ಇದು ಅಲಂಕಾರದ ವಸ್ತುವಲ್ಲ. ಹಿಂದಿನ ಚಕ್ರದ ಕನಿಷ್ಠ ಅರ್ಧ ಭಾಗವನ್ನಾದರೂ ಮುಚ್ಚುವ ರಕ್ಷಣೆ, ಹಿಂದೆ ಕುಳಿತವರಿಗೆ ಹಿಡಿದುಕೊಳ್ಳಲು ಹಿಡಿ, ಕಾಲಿಡಲು ಜಾಗ ಇವು ಇರಲೇಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮ ಹೇಳುತ್ತದೆ. ಆದರೆ ಬೈಕ್ ಚೆಂದ ಕಾಣಲೆಂದು ಹುಡುಗರು ಮೊದಲು ಬಿಚ್ಚಿ ಎಸೆಯುವುದು ಇದನ್ನೇ. ನಿಮ್ಮ ಮನೆಗೆ ಬಂದ ಬೈಕಿನಲ್ಲಿ ಅದಿದೆಯೇ ನೋಡಿ. ಇಲ್ಲದಿದ್ದರೆ ಬೇರೆಲ್ಲಕ್ಕಿಂತ ಮೊದಲು ಅದನ್ನೇ ಹಾಕಿಸಿ. ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತದೆ. ಇದ್ದರೂ ಬೋಲ್ಟುಗಳು ಸಡಿಲವಾಗಿ ಅಲ್ಲಾಡುತ್ತಿವೆಯೇ, ತುಕ್ಕು ಹಿಡಿದು ಮುರಿದಿದೆಯೇ ಎಂದು ಪರೀಕ್ಷಿಸಿ. ಚೈನಿನ ಮೇಲಿನ ತಗಡಿನ ಕವಚವೂ ಪೂರ್ತಿ ಇರಬೇಕು.

ಗಾರ್ಡ್ ಇದೆಯೆಂದು ಮೈಮರೆಯುವಂತಿಲ್ಲ. ಹತ್ತುವ ಮೊದಲು ಬುರ್ಖಾದ ಅಂಚನ್ನು ಒಟ್ಟು ಮಾಡಿ ತೊಡೆಯ ಕೆಳಗೆ ಒತ್ತಿಟ್ಟುಕೊಳ್ಳಿ. ದುಪಟ್ಟಾದ ಎರಡೂ ತುದಿ ಮುಂದಕ್ಕೆ ತಂದು ಕಟ್ಟಿಕೊಳ್ಳಿ ಅಥವಾ ಪಿನ್ ಹಾಕಿಕೊಳ್ಳಿ. ಚೀಲದ ಪಟ್ಟಿ ಜೋತುಬೀಳದಿರಲಿ. ಒಂದೇ ಬದಿಗೆ ಕುಳಿತುಕೊಳ್ಳುವುದಕ್ಕಿಂತ ಎರಡೂ ಬದಿಗೆ ಕಾಲು ಹಾಕಿ ಕುಳಿತರೆ ತೂಕ ಸಮನಾಗಿ ಬೈಕ್ ಹತೋಟಿಯಲ್ಲಿರುತ್ತದೆ. ಹಾಗೆ ಕುಳಿತಾಗ ಬಲಬದಿಯಲ್ಲಿ ಗಾರ್ಡ್ ಇರುವುದಿಲ್ಲ ಎಂಬುದು ನೆನಪಿರಲಿ, ಆ ಬದಿಯ ಬಟ್ಟೆಯನ್ನೂ ಒತ್ತಿಟ್ಟುಕೊಳ್ಳಿ.

ಇನ್ನು ಚೈನಿನ ವಿಷಯ. ಅದು ಸಡಿಲವಾದರೆ ಟಕಟಕ ಸದ್ದು ಮಾಡುತ್ತದೆ. ತೀರಾ ಸಡಿಲವಾದರೆ ಹಲ್ಲಿನಿಂದ ಕಳಚಿ ಹಿಂದಿನ ಚಕ್ರವನ್ನೇ ಬಿಗಿದು ನಿಲ್ಲಿಸಬಹುದು. ತೀರಾ ಬಿಗಿಯಾದರೂ ಬೇರಿಂಗ್ ಸವೆಯುತ್ತದೆ. ಕವಚದಲ್ಲಿರುವ ರಬ್ಬರ್ ಮುಚ್ಚಳ ತೆಗೆದು, ಬೆರಳಿನಿಂದ ಚೈನನ್ನು ಮೇಲಕ್ಕೂ ಕೆಳಕ್ಕೂ ಆಡಿಸಿದರೆ ಸುಮಾರು ಒಂದು ಇಂಚು, ಅಂದರೆ 25 ಮಿಲಿಮೀಟರಿನಷ್ಟು ಆಡಬೇಕು. ಒಣಗಿದ ಚೈನಿಗೆ 90 ನಂಬರಿನ ಗೇರ್ ಆಯಿಲನ್ನು ಹನಿ ಹನಿಯಾಗಿ ಬಿಡಬಹುದು.

ಇಲ್ಲಿ ಒಂದು ಎಚ್ಚರಿಕೆ. ಚೈನಿಗೆ ಆಯಿಲ್ ಬಿಡುವಾಗ ಇಂಜಿನ್ ಆಫ್ ಆಗಿರಬೇಕು, ಗೇರ್ ನ್ಯೂಟ್ರಲ್‌ನಲ್ಲಿರಬೇಕು, ಚಕ್ರವನ್ನು ಕೈಯಿಂದಲೇ ತಿರುಗಿಸಬೇಕು. ಇಂಜಿನ್ ಓಡಿಸಿ ಗೇರ್ ಹಾಕಿ ಚಕ್ರ ತಿರುಗಿಸಿದರೆ ಕೆಲಸ ಬೇಗ ಆಗುತ್ತದೆಂದು ಕೆಲವರು ಹಾಗೆ ಮಾಡುತ್ತಾರೆ. ಬೆರಳು ಕಳೆದುಕೊಳ್ಳುವ ದಾರಿ ಅದು. ಮಕ್ಕಳನ್ನಂತೂ ಆಗ ಹತ್ತಿರ ಬಿಡಲೇಬೇಡಿ.

ಟಯರು ಮತ್ತು ಗಾಳಿ

ಟಯರಿನ ಬದಿಯಲ್ಲಿ ನಾಲ್ಕು ಅಂಕಿಗಳ ಒಂದು ಗುರುತು ಇರುತ್ತದೆ. 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು ಎಂದು ಅರ್ಥ. ಹೂವು ಚೆನ್ನಾಗಿದ್ದರೂ ವರ್ಷ ಹೆಚ್ಚಾದ ಟಯರಿನ ರಬ್ಬರ್ ಗಡಸಾಗಿ ಬಿರುಕು ಬಿಡುತ್ತದೆ, ಒದ್ದೆ ರಸ್ತೆಯಲ್ಲಿ ಹಿಡಿತ ಕೊಡುವುದಿಲ್ಲ. ಹೂವಿನ ನಡುವಿನ ಗೆರೆಗಳಲ್ಲಿ ಅಲ್ಲಲ್ಲಿ ಪುಟ್ಟ ಉಬ್ಬುಗಳಿರುತ್ತವೆ. ಟಯರು ಸವೆದು ಆ ಉಬ್ಬಿನ ಮಟ್ಟಕ್ಕೆ ಬಂದರೆ ಅದರ ಆಯುಷ್ಯ ಮುಗಿದಂತೆ.

ಗಾಳಿ ಎಷ್ಟಿರಬೇಕೆಂದು ಬೈಕಿಗೆ ಅಂಟಿಸಿದ ಚೀಟಿಯಲ್ಲೋ ಕೈಪಿಡಿಯಲ್ಲೋ ಇರುತ್ತದೆ. ಒಬ್ಬರೇ ಹೋಗುವಾಗ ಮುಂದೆ 25, ಹಿಂದೆ 28 ಪಾಯಿಂಟ್ ಎಂಬುದು ಸ್ಪ್ಲೆಂಡರಿನಂಥ ಬೈಕುಗಳ ಸಾಮಾನ್ಯ ಲೆಕ್ಕ. ಹಿಂದೆ ಇನ್ನೊಬ್ಬರು ಕುಳಿತರೆ ಹಿಂದಿನ ಟಯರಿಗೆ ಹೆಚ್ಚು ಬೇಕು, ಅದನ್ನೂ ಆ ಚೀಟಿಯಲ್ಲೇ ನೋಡಿ. ದಿನಾ ಒಬ್ಬರೇ ಓಡಿಸುವ ಬೈಕಿನಲ್ಲಿ ವಾರಕ್ಕೊಮ್ಮೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೊರಡುವಾಗ ಗಾಳಿಯ ವಿಷಯ ನೆನಪಾಗುವುದೇ ಇಲ್ಲ. ಬೆಳಿಗ್ಗೆ ಟಯರು ತಣ್ಣಗಿರುವಾಗ ನೋಡಿದ ಗಾಳಿಯ ಲೆಕ್ಕವೇ ಸರಿಯಾದದ್ದು.

ಬೈಕಿನಲ್ಲಿ ಓಡಿಸುವವರ ಹಿಂದೆ ಒಬ್ಬರು ಮಾತ್ರ ಕೂರಬಹುದು ಎಂಬುದು ಕಾನೂನು. ಗಂಡ, ಹೆಂಡತಿ, ನಡುವೆ ಒಂದು ಮಗು, ಟ್ಯಾಂಕಿನ ಮೇಲೆ ಇನ್ನೊಂದು ಎಂಬ ದೃಶ್ಯ ನಮ್ಮ ರಸ್ತೆಗಳಲ್ಲಿ ಸಾಮಾನ್ಯ. ಆದರೆ ಬೈಕಿನ ಬ್ರೇಕು, ಟಯರು, ಶಾಕ್ ಅಬ್ಸಾರ್ಬರ್ ಯಾವುದೂ ಆ ಲೆಕ್ಕಕ್ಕೆ ತಯಾರಾದದ್ದಲ್ಲ.

ಬ್ರೇಕಿನ ಮಾತು ಕೇಳಿ

ಈ ಬೈಕುಗಳಲ್ಲಿ ಹೆಚ್ಚಿನವಕ್ಕೆ ಎರಡೂ ಕಡೆ ಡ್ರಮ್ ಬ್ರೇಕ್. ಒಳಗಿನ ಶೂ ಸವೆದಂತೆ ಪೆಡಲ್ ಕೆಳಗೆ ಕೆಳಗೆ ಹೋಗುತ್ತದೆ, ಕೈಯ ಲಿವರ್ ಹ್ಯಾಂಡಲಿನ ಹತ್ತಿರ ಹತ್ತಿರ ಬರುತ್ತದೆ. ಆಗ ನಟ್ ತಿರುಗಿಸಿ ಬಿಗಿ ಮಾಡುತ್ತಾರೆ. ಬಿಗಿ ಮಾಡಿದ ಮೇಲೆ ಚಕ್ರವನ್ನು ಕೈಯಿಂದ ತಿರುಗಿಸಿದರೆ ಸಲೀಸಾಗಿ ತಿರುಗಬೇಕು. ಉಜ್ಜುತ್ತಿದ್ದರೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಡ್ರಮ್ ಬಿಸಿಯಾಗುತ್ತದೆ.

ಆದರೆ ನಟ್ ಬಿಗಿ ಮಾಡುತ್ತಲೇ ಹೋಗುವುದಕ್ಕೂ ಮಿತಿಯಿದೆ. ಅನೇಕ ಬೈಕುಗಳ ಚಕ್ರದ ನಡುವಿನ ತಟ್ಟೆಯ ಮೇಲೆ ಬಾಣದ ಗುರುತಿರುತ್ತದೆ. ಬ್ರೇಕ್ ಒತ್ತಿದಾಗ ಆ ಬಾಣ ತಟ್ಟೆಯ ಮೇಲಿನ ಗುರುತನ್ನು ಮುಟ್ಟಿದರೆ ಶೂ ಬದಲಾಯಿಸುವ ಕಾಲ ಬಂದಿದೆ. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದಂಥ ಸದ್ದು ಬಂದರೆ ಒಂದು ದಿನವೂ ತಡ ಮಾಡಬಾರದು. ಕೈಬ್ರೇಕ್, ಕಾಲುಬ್ರೇಕ್ ಎರಡನ್ನೂ ಬೇರೆ ಬೇರೆಯಾಗಿ ಒತ್ತಿ ಹಿಂದಿನ ಕೆಂಪು ದೀಪ ಉರಿಯುತ್ತದೆಯೇ ನೋಡಬೇಕು. ಈ ಪರೀಕ್ಷೆಗೆ ಒಬ್ಬರು ಒತ್ತಬೇಕು, ಇನ್ನೊಬ್ಬರು ಹಿಂದೆ ನಿಂತು ನೋಡಬೇಕು. ಮಕ್ಕಳು ಸಂತೋಷದಿಂದ ಮಾಡುವ ಕೆಲಸ ಇದು.

ನಿಮ್ಮ ಬೈಕ್ 2019ರ ಏಪ್ರಿಲ್ ನಂತರದ್ದಾದರೆ ಒಂದು ಬ್ರೇಕ್ ಒತ್ತಿದಾಗ ಇನ್ನೊಂದೂ ಸ್ವಲ್ಪ ಹಿಡಿಯುವ ಜೋಡಿ ಬ್ರೇಕಿನ ವ್ಯವಸ್ಥೆ ಇರುವ ಸಾಧ್ಯತೆ ಹೆಚ್ಚು. 2017ರ ಏಪ್ರಿಲ್ ನಂತರದ್ದಾದರೆ ಇಂಜಿನ್ ಓಡುವಾಗ ಮುಂದಿನ ದೀಪ ಹಗಲಲ್ಲೂ ಉರಿಯುತ್ತಲೇ ಇರುತ್ತದೆ. ಅದು ದೋಷವಲ್ಲ, ನಿಯಮ.

ಉಳಿದ ಚಿಕ್ಕಪುಟ್ಟ ಸಂಗತಿಗಳು

ಏರ್ ಫಿಲ್ಟರ್ ಕಟ್ಟಿಕೊಂಡರೆ ಮೈಲೇಜ್ ಇಳಿಯುತ್ತದೆ, ಏರು ಹತ್ತುವಾಗ ಬೈಕ್ ಏದುಸಿರು ಬಿಡುತ್ತದೆ. ಕಾಗದದ ಫಿಲ್ಟರ್ ಆದರೆ ತೊಳೆಯಬಾರದು, ಬದಲಾಯಿಸಬೇಕು. ಕ್ಲಚ್, ಎಕ್ಸಿಲೇಟರ್, ಬ್ರೇಕ್ ಕೇಬಲುಗಳಲ್ಲಿ ಒಂದು ಎಳೆ ಕಿತ್ತು ಹೊರಬಂದಿದ್ದರೂ ಹೊಸದು ಹಾಕಿಸಿ, ಉಳಿದ ಎಳೆಗಳು ಹೆಚ್ಚು ದಿನ ಬಾಳುವುದಿಲ್ಲ.

ನೀರು ಹಾಕುವ ಬ್ಯಾಟರಿ ಆದರೆ ಎರಡು ಗೆರೆಗಳ ನಡುವೆ ಡಿಸ್ಟಿಲ್ಡ್ ವಾಟರ್ ಇರಬೇಕು. ಬಾವಿಯ ನೀರು ಹಾಕಬಾರದು. ಒಳಗಿರುವುದು ಆಮ್ಲ, ಬಟ್ಟೆಗೂ ಕಣ್ಣಿಗೂ ಅಪಾಯ.

ಪೆಟ್ರೋಲ್ ಪೈಪನ್ನು ವಿಶೇಷವಾಗಿ ನೋಡಿಸಿ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಬೆರೆತಿರುತ್ತದೆ. ಹಳೆಯ ಬೈಕುಗಳ ರಬ್ಬರ್ ಭಾಗಗಳು ಇದಕ್ಕೆಂದು ತಯಾರಾದವಲ್ಲ. ಪೈಪ್ ಊದಿಕೊಂಡಿದ್ದರೆ, ಬಿರುಕು ಬಿಟ್ಟಿದ್ದರೆ, ನಿಲ್ಲಿಸಿದಲ್ಲಿ ಪೆಟ್ರೋಲಿನ ವಾಸನೆ ಬರುತ್ತಿದ್ದರೆ ಕೂಡಲೇ ಬದಲಾಯಿಸಬೇಕು. ಅಡುಗೆಮನೆಯ ಪಕ್ಕದಲ್ಲಿ ಬೈಕ್ ನಿಲ್ಲಿಸುವ ಮನೆಗಳಲ್ಲಿ ಇದು ಬೆಂಕಿಯ ವಿಷಯ.

ಕರಾವಳಿಯ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ ಎರಡೂ ಕಬ್ಬಿಣಕ್ಕೆ ವೈರಿಗಳು. ಮಳೆಗಾಲದಲ್ಲಿ ಚೈನಿನ ಆಯಿಲ್ ಬೇಗ ತೊಳೆದುಹೋಗುತ್ತದೆ, ಆದ್ದರಿಂದ ಹೆಚ್ಚು ಸಲ ಬಿಡಬೇಕು. ನೀರು ನಿಂತ ರಸ್ತೆ ದಾಟಿದ ಮೇಲೆ ನಿಧಾನವಾಗಿ ಓಡಿಸುತ್ತಾ ಬ್ರೇಕನ್ನು ಎರಡು ಮೂರು ಸಲ ಮೆಲ್ಲಗೆ ಒತ್ತಿ ಒಣಗಿಸಿಕೊಳ್ಳಬೇಕು.

ಯಜಮಾನರು ಗಲ್ಫಿನಲ್ಲಿದ್ದು ಬೈಕ್ ತಿಂಗಳುಗಟ್ಟಲೆ ನಿಂತೇ ಇರುವ ಮನೆಗಳೂ ಇವೆ. ನಿಂತ ಬೈಕ್ ಹಾಳಾಗುವುದಿಲ್ಲ ಎಂಬುದು ತಪ್ಪು ತಿಳುವಳಿಕೆ. ಟಯರಿನ ಗಾಳಿ ಇಳಿಯುತ್ತದೆ, ಬ್ಯಾಟರಿ ಬತ್ತುತ್ತದೆ, ಕಾರ್ಬ್ಯುರೇಟರಿನಲ್ಲಿ ಉಳಿದ ಪೆಟ್ರೋಲ್ ಅಂಟಾಗುತ್ತದೆ. ಪೆಟ್ರೋಲ್ ನಳ ಮುಚ್ಚಿ, ಕಾರ್ಬ್ಯುರೇಟರ್ ಖಾಲಿ ಮಾಡಿಸಿ, ಬ್ಯಾಟರಿಯ ತಂತಿ ಬಿಚ್ಚಿಸಿ, ನಡುವಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಇಲ್ಲವಾದರೆ ಲೈಸೆನ್ಸ್ ಇರುವ ಸಹೋದರನೋ ಭಾವನೋ ವಾರಕ್ಕೊಮ್ಮೆ ಹತ್ತು ಹದಿನೈದು ನಿಮಿಷ ಓಡಿಸಲಿ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಮಾತ್ರ ಇಂಜಿನ್ ಸ್ಟಾರ್ಟ್ ಮಾಡಬೇಡಿ, ಆ ಹೊಗೆ ವಿಷ.

ಕಾಗದಪತ್ರವೂ ಆರೈಕೆಯೇ

ಹಣ ಕೊಟ್ಟು ಕೀ ಪಡೆದ ಮಾತ್ರಕ್ಕೆ ಬೈಕ್ ನಿಮ್ಮದಾಗುವುದಿಲ್ಲ. 29 ಮತ್ತು 30ನೆಯ ನಮೂನೆಗಳಲ್ಲಿ ಮಾರಿದವರ, ಕೊಂಡವರ ಸಹಿಯಾಗಿ ಆರ್‌ಟಿಒ ಕಚೇರಿಯಲ್ಲಿ ಆರ್‌ಸಿ ಹೆಸರು ಬದಲಾಗಬೇಕು. ಅದೇ ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ತಿಳಿಸಬೇಕು. ಇನ್ಶೂರೆನ್ಸನ್ನೂ 14 ದಿನಗಳೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು. ಬೈಕಿನ ಮೇಲೆ ಹಳೆಯ ಸಾಲ ಇದೆಯೇ, ಚಾಸಿಸ್ ನಂಬರ್ ಆರ್‌ಸಿಯೊಡನೆ ಹೊಂದುತ್ತದೆಯೇ, ಬಾಕಿ ದಂಡ ಇದೆಯೇ ಎಂದು ನೋಡಿಕೊಳ್ಳಿ. ಬೈಕಿಗೆ 15 ವರ್ಷ ತುಂಬುತ್ತಾ ಬಂದಿದ್ದರೆ ನೋಂದಣಿ ನವೀಕರಿಸಬೇಕಾಗುತ್ತದೆ, ಬೆಲೆ ಮಾತಾಡುವಾಗ ಅದೂ ಲೆಕ್ಕದಲ್ಲಿರಲಿ.

ತಾಯಂದಿರಿಗೆ ಇನ್ನೊಂದು ಮಾತು. ಮನೆಯಲ್ಲಿ ಬೈಕ್ ಇದೆಯೆಂದಾಗ ಹತ್ತನೆಯ ತರಗತಿಯ ಮಗ “ಅಮ್ಮಾ, ಅಂಗಡಿಗೆ ತಾನೇ, ಈಗ ಬಂದೆ” ಎಂದು ಕೀ ಕೇಳುತ್ತಾನೆ. ಅಂಗಡಿ ಎಷ್ಟು ಹತ್ತಿರವಿದ್ದರೂ ಕೊಡಬೇಡಿ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯಂತೆ ಅಪ್ರಾಪ್ತ ವಯಸ್ಸಿನ ಮಗ ಬೈಕ್ ಓಡಿಸಿ ಸಿಕ್ಕಿಬಿದ್ದರೆ ಪಾಲಕರಿಗೆ ಅಥವಾ ಬೈಕಿನ ಒಡೆಯರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಬೈಕಿನ ನೋಂದಣಿ ಒಂದು ವರ್ಷ ರದ್ದು, ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ.

ಹೆಲ್ಮೆಟ್ ಓಡಿಸುವವರಿಗೆ ಮಾತ್ರ ಎಂಬ ಭಾವನೆಯೂ ಬೇಡ. ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂದೆ ಕುಳಿತವರಿಗೂ ಅದು ಕಡ್ಡಾಯ. ನಾಲ್ಕು ವರ್ಷ ಮೀರಿದ ಮಕ್ಕಳಿಗೂ ಬೇಕು. ದಪ್ಪ ಗಂಟು, ಪಿನ್ನುಗಳಿಲ್ಲದ ತೆಳುವಾದ ಸ್ಕಾರ್ಫ್ ಮೇಲೆ ಹೆಲ್ಮೆಟ್ ಸರಿಯಾಗಿ ಕೂರುತ್ತದೆ. ಐಎಸ್‌ಐ ಗುರುತು ನೋಡಿ ಕೊಳ್ಳಿ, ಗಲ್ಲದ ಪಟ್ಟಿ ಹಾಕಿ.

ವಾರಕ್ಕೆ ಹತ್ತು ನಿಮಿಷ

ಶುಕ್ರವಾರ ಬೆಳಿಗ್ಗೆಯೋ, ಭಾನುವಾರವೋ, ಮನೆಯಲ್ಲಿ ಎಲ್ಲರೂ ಇರುವ ಒಂದು ಹೊತ್ತು ಗೊತ್ತು ಮಾಡಿಕೊಳ್ಳಿ.

1. ಇಂಜಿನ್ ಆಯಿಲ್ ಎರಡು ಗುರುತುಗಳ ನಡುವೆ ಇದೆಯೇ?
2. ಟಯರುಗಳಲ್ಲಿ ಗಾಳಿ, ಬಿರುಕು, ಚುಚ್ಚಿದ ಮೊಳೆ ನೋಡಿದ್ದಾಯಿತೇ?
3. ಎರಡೂ ಬ್ರೇಕ್ ಹಿಡಿಯುತ್ತವೆಯೇ, ಕೆಂಪು ದೀಪ ಉರಿಯುತ್ತದೆಯೇ?
4. ಚೈನ್ ಸಡಿಲವಾಗಿದೆಯೇ, ಒಣಗಿದೆಯೇ?
5. ಸಾರಿ ಗಾರ್ಡ್, ಹಿಂದಿನ ಫುಟ್‌ರೆಸ್ಟ್, ಹಿಡಿ ಗಟ್ಟಿಯಾಗಿವೆಯೇ?
6. ಹೆಡ್‌ಲೈಟ್, ಇಂಡಿಕೇಟರ್, ಹಾರ್ನ್ ಕೆಲಸ ಮಾಡುತ್ತವೆಯೇ?
7. ಬೈಕ್ ನಿಂತ ಜಾಗದಲ್ಲಿ ಆಯಿಲ್ ಅಥವಾ ಪೆಟ್ರೋಲ್ ಹನಿ ಬಿದ್ದಿದೆಯೇ?

ಗ್ಯಾರೇಜಿಗೆ ಕಳಿಸುವಾಗ “ಸರ್ವಿಸ್ ಮಾಡಿ” ಎಂದಷ್ಟೇ ಹೇಳಬೇಡಿ. ಏನೇನು ನೋಡಬೇಕೆಂದು ಚೀಟಿ ಬರೆದು ಕೊಡಿ. ಬದಲಾಯಿಸಿದ ಹಳೆಯ ಭಾಗವನ್ನು ಮರಳಿ ತರಲು ಹೇಳಿ. ಬಿಲ್ಲನ್ನು ಪುಸ್ತಕಕ್ಕೆ ಅಂಟಿಸಿ. ಲೆಕ್ಕ ಕೇಳುವ ಗಿರಾಕಿಯ ಬೈಕಿನ ಕೆಲಸವನ್ನು ಮೆಕ್ಯಾನಿಕ್ ಕೂಡ ಎಚ್ಚರದಿಂದ ಮಾಡುತ್ತಾನೆ.

ಹಳೆಯ ಬೈಕ್ ಕೊಳ್ಳುವುದರಲ್ಲಿ ಯಾವ ಕೊರತೆಯೂ ಇಲ್ಲ, ಸಾಲದ ಹೊರೆಯಿಲ್ಲದೆ ಸಂಸಾರ ಸಾಗಿಸುವ ಜಾಣತನ ಅದರಲ್ಲಿದೆ. ಆದರೆ ಅದರ ಹಿಂದಿನ ಆಯುಷ್ಯದ ಲೆಕ್ಕ ನಮ್ಮ ಬಳಿ ಇಲ್ಲ, ಮುಂದಿನದ್ದನ್ನು ಮಾತ್ರ ನಾವು ಬರೆಯಬಹುದು. ಇಂದೇ ಹೊರಗೆ ಹೋಗಿ ಎರಡು ಸಂಗತಿ ಮಾಡಿ: ಸಾರಿ ಗಾರ್ಡನ್ನು ಕೈಯಿಂದ ಅಲ್ಲಾಡಿಸಿ ನೋಡಿ, ಮೀಟರಿನಲ್ಲಿರುವ ಅಂಕಿಯನ್ನು ಪುಸ್ತಕದ ಮೊದಲ ಸಾಲಿನಲ್ಲಿ ಬರೆಯಿರಿ.